ಉಪದ್ರವವೂ ನಿರೀಕ್ಷೆಯೂ

ಅರಸೀಕೆರೆಯಲ್ಲಿ ರೈಲಿನಿಂದಿಳಿದು ಹಳೇಬೀಡು ಬೇಲೂರುಗಳ ಕಡೆಗೆ ಹೊರಡುವ ಪ್ರವಾಸಿಗಳು ಹೊಯ್ಸಳರ ಶಿಲ್ಪಸಂಪತ್ತನ್ನು ನೋಡಿ ಆನಂದಪಡಬೇಕೆಂದು ಹೋಗುತ್ತಾರೆ, ಆನಂದಪಟ್ಟೇ ಹಿಂದಿರುಗುತ್ತಾರೆ. ಆದರೆ ಆ ಕಲ್ಲುಗಳಲ್ಲಿ ಶಿಲ್ಪಿಯ ಉಳಿಯ ಗುರುತಿನ ಜತೆಗೆ ದಂಡಿನ ಪೆಟ್ಟಿನ ಗುರುತೂ ಉಂಟು. 1311ರಲ್ಲಿ ಮಲಿಕ್ ಕಾಫರನ ಸೈನ್ಯವು ದೋರಸಮುದ್ರಕ್ಕೆ ಮುತ್ತಿಗೆ ಹಾಕಿತು. 1327ರ ಸುಮಾರಿನಲ್ಲಿ ಮಹಮ್ಮದ್ ತುಗಲಕನ ದಂಡು ಮತ್ತೊಮ್ಮೆ ಬಂದಿತು. ಅರಸರ ಬೀಡಾಗಿದ್ದ ಊರು 'ಹಳೆಯ ಬೀಡು' ಆಯಿತು. ಬೇಲೂರಿನ ಹೆಬ್ಬಾಗಿಲೂ ಆ ಕಾಲದ ಬೆಂಕಿಗೆ ತುತ್ತಾಯಿತು. ಆದರೆ 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ದೇವರ ಪೂಜೆ ಅಲ್ಲಿಗೆ ಮುಗಿಯಲಿಲ್ಲ. ವಿಜಯನಗರದ ಇಮ್ಮಡಿ ಹರಿಹರನ ದಂಡನಾಯಕನಾದ ಗುಂಡನು 1397ರಲ್ಲಿ ಗೋಪುರವನ್ನು ಮರಳಿ ಕಟ್ಟಿಸಿದನು. ಹತ್ತು ಮೈಲಿಗಳ ಅಂತರದಲ್ಲಿ ಎರಡು ಊರುಗಳು. ಒಂದರಲ್ಲಿ ಅಳಿದುಹೋದ ವೈಭವ, ಇನ್ನೊಂದರಲ್ಲಿ ಮುರಿದು ಮತ್ತೆ ಎದ್ದು ನಿಂತ ಆರಾಧನೆ.

ಒಂದು ಜನಾಂಗದ ನಂಬಿಕೆಯ ಮೇಲೆ ಬಲವಂತನ ಕೈ ಬಿದ್ದಾಗ ಉಳಿಯುವುದೇನು, ಉಳಿದದ್ದು ಮರಳಿ ಚಿಗುರುವುದು ಹೇಗೆ? ಈ ಪ್ರಶ್ನೆಯನ್ನು ನಾವು ಈ ಭಾಷಣದಲ್ಲಿ ಕ್ರೈಸ್ತಮತದ ಚರಿತ್ರೆಯಿಂದ ಆರಿಸಿದ ಒಂದು ಪ್ರಸಂಗದ ಮೂಲಕ ವಿಚಾರಮಾಡಲಿದ್ದೇವೆ. ಅದಕ್ಕಾಗಿ ಬಹುದೂರ ಹೋಗಬೇಕಾದದ್ದಿಲ್ಲ. ಬೇಲೂರು ಹಳೇಬೀಡುಗಳಿರುವ ಹಾಸನದ ಸೀಮೆಯಲ್ಲಿಯೇ, ಹಾಸನ ಪಟ್ಟಣಕ್ಕೆ ಸಮೀಪದಲ್ಲಿ, ಸಾತಹಳ್ಳಿ ಎಂಬ ಒಂದು ಗ್ರಾಮವಿದೆ. ಶಿಲ್ಪವನ್ನು ಹುಡುಕುವ ಪ್ರವಾಸಿಗಳು ಅಲ್ಲಿಗೆ ಹೋಗುವುದಿಲ್ಲ. ಆದರೆ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ, ಉಪದ್ರವದ ಕಾಲವನ್ನು ದಾಟಿ ಚದುರಿಹೋಗಿದ್ದ ಕ್ರೈಸ್ತ ಸಮಾಜವನ್ನು ಮತ್ತೆ ಕೂಡಿಸುವ ಕೆಲಸದ ಒಂದು ಮುಖ್ಯ ನೆಲೆ ಅದಾಗಿತ್ತು.

ಮೊದಲು ಎರಡು ಮಾತುಗಳ ಅರ್ಥವನ್ನು ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಕನ್ನಡ ಬೈಬಲಿನಲ್ಲಿ ಭಕ್ತನಿಗೆ ಬೇಕಾದ ಮೂರು ಮಹಾಗುಣಗಳಿಗೆ ನಂಬಿಕೆ, ನಿರೀಕ್ಷೆ, ಪ್ರೀತಿ ಎಂಬ ಹೆಸರುಗಳಿವೆ. ಇವುಗಳಲ್ಲಿ ನಿರೀಕ್ಷೆ ಎಂಬುದು ಬಹಳ ಸೊಗಸಾದ ಆಯ್ಕೆ. ಈಕ್ಷಿಸುವುದೆಂದರೆ ನೋಡುವುದು. ಊರಿಗೆ ಹೋದ ಮಗನು ಬರುತ್ತಾನೆಂದು ತಾಯಿ ಹೊಸ್ತಿಲಲ್ಲಿ ನಿಂತು ದಾರಿ ನೋಡುತ್ತಾಳಲ್ಲವೆ, ಆ ನೋಟವೇ ನಿರೀಕ್ಷೆ. ಬಂದರೆ ಚೆನ್ನಾಗಿತ್ತು ಎಂಬ ಬರಿಯ ಆಸೆಗೂ ಇದಕ್ಕೂ ಅಂತರವಿದೆ. ಆಸೆಗೆ ಆಧಾರ ಬೇಕಾಗಿಲ್ಲ. ನಿರೀಕ್ಷೆಗೆ ಕೊಟ್ಟ ಮಾತಿನ ಆಧಾರ ಬೇಕು. ದೇವರು ಮಾತು ಕೊಟ್ಟಿದ್ದಾನೆ, ಅದು ತಪ್ಪುವುದಿಲ್ಲ ಎಂಬುದು ನಂಬಿಕೆ. ತಪ್ಪದ ಆ ಮಾತು ನೆರವೇರುವ ದಿನದ ಕಡೆಗೆ ಮುಖಮಾಡಿ ಬಾಳುವುದು ನಿರೀಕ್ಷೆ. ಸಂತ ಪೌಲನು ರೋಮಿನ ಸಭೆಯವರಿಗೆ ಬರೆದ ಪತ್ರದಲ್ಲಿ ಇವುಗಳ ಸಂಬಂಧವನ್ನು ಮೆಟ್ಟಿಲುಮೆಟ್ಟಿಲಾಗಿ ತೋರಿಸಿದ್ದಾನೆ. ಕಷ್ಟವು ಸಹನೆಯನ್ನು ಕಲಿಸುತ್ತದೆ. ಸಹನೆಯಿಂದ ಮನಸ್ಸು ಹದಗೊಳ್ಳುತ್ತದೆ. ಹದಗೊಂಡ ಮನಸ್ಸಿನಲ್ಲಿ ನಿರೀಕ್ಷೆ ನೆಲೆಗೊಳ್ಳುತ್ತದೆ ಎಂಬುದು ಅವನ ಅಭಿಪ್ರಾಯ. ಕಷ್ಟವೇ ಒಳ್ಳೆಯದೆಂದು ಅವನು ಹೇಳಲಿಲ್ಲ. ಕಷ್ಟಕ್ಕೆ ಕೊನೆಯ ಮಾತಾಡುವ ಅಧಿಕಾರವಿಲ್ಲವೆಂದು ಹೇಳಿದನು.

ಇಷ್ಟು ಕೇಳಿದೊಡನೆ ನಮ್ಮ ಮನಸ್ಸು ರಕ್ತಸಾಕ್ಷಿಗಳ ಕಡೆಗೆ ಓಡುವುದು ಸಹಜ. ಸಿಂಹದ ಬಾಯಿಗೆ ಅಂಜದೆ ನಿಂತವರು, ಕತ್ತಿಗೆ ಕೊರಳೊಡ್ಡಿದವರು — ಇಂಥವರ ಕಥೆ ಯಾವ ಮತದಲ್ಲಿದ್ದರೂ ರೋಮಾಂಚಕಾರಿಯಾದದ್ದು. ಆದರೆ ಕತ್ತಿಯನ್ನು ಕಂಡು ನಡುಗಿದವರ ಗತಿಯೇನು? ಬಾಯಿಯಿಂದ ಹೌದೆಂದು, ಮನೆಗೆ ಬಂದು ಅತ್ತವರ ಗತಿಯೇನು? ಇಂಥವರ ಸಂಖ್ಯೆ ಯಾವ ಕಾಲದಲ್ಲಿಯೂ ದೊಡ್ಡದು. ಅವರಿಗೂ ನಿರೀಕ್ಷೆಯಲ್ಲಿ ಪಾಲುಂಟೆ ಎಂಬುದೇ ನಮಗೆ ಹೆಚ್ಚು ಬಿಗಿಯಾದ ಪ್ರಶ್ನೆಯಾಗಿ ತೋರುತ್ತದೆ.

ಕ್ರೈಸ್ತಸಭೆಗೆ ಈ ಪ್ರಶ್ನೆ ಹೊಸದಾಗಿರಲಿಲ್ಲ. ಸುವಾರ್ತೆಗಳ ಪ್ರಕಾರ ಶಿಷ್ಯರಲ್ಲಿ ಮುಖ್ಯನಾದ ಪೇತ್ರನೇ, ಯೇಸುವನ್ನು ಹಿಡಿದೊಯ್ದ ರಾತ್ರಿ, ಅವನನ್ನು ತಾನರಿಯೆನೆಂದು ಮೂರು ಸಲ ಹೇಳಿದನು. ಆಮೇಲೆ ಹೊರಗೆ ಹೋಗಿ ಅತ್ತನು. ಅದೇ ಪೇತ್ರನ ಮೇಲೆ ಸಭೆಯ ಭಾರ ಬಿದ್ದಿತು. 250ರಲ್ಲಿ ರೋಮನ್ ಚಕ್ರವರ್ತಿ ಡೀಸಿಯಸನು ಪ್ರಜೆಗಳೆಲ್ಲರೂ ಸಾಮ್ರಾಜ್ಯದ ದೇವತೆಗಳಿಗೆ ಬಲಿಯರ್ಪಿಸಿ, ಅರ್ಪಿಸಿದ್ದಕ್ಕೆ ಅಧಿಕಾರಿಗಳಿಂದ ಚೀಟಿ ಪಡೆಯಬೇಕೆಂದು ಆಜ್ಞೆಮಾಡಿದನು. ಅಂಥ ಚೀಟಿಗಳು ಕೆಲವು ಈಜಿಪ್ಟಿನ ಮರಳಿನಲ್ಲಿ ಸಿಕ್ಕಿವೆ. ಕ್ರೈಸ್ತರಲ್ಲಿ ಕೆಲವರು ಸತ್ತರು, ಕೆಲವರು ಓಡಿಹೋದರು, ಕೆಲವರು ಬಲಿಯರ್ಪಿಸಿದರು, ಇನ್ನು ಕೆಲವರು ಬಲಿಯರ್ಪಿಸದೆ ಹಣ ಕೊಟ್ಟು ಚೀಟಿಯನ್ನು ಮಾತ್ರ ಕೊಂಡುಕೊಂಡರು. ಬಿರುಗಾಳಿ ಇಳಿದಮೇಲೆ ಇವರೆಲ್ಲರೂ ಸಭೆಯ ಬಾಗಿಲಿಗೆ ಬಂದು ನಿಂತರು. ರೋಮಿನ ನೊವೇಷಿಯನನು ಅವರಿಗೆ ಬಾಗಿಲು ಮುಚ್ಚಬೇಕೆಂದನು. ಕಾರ್ಥೇಜಿನ ಬಿಷಪ್ ಸಿಪ್ರಿಯಾನನೂ ಅವನ ಜತೆಯವರೂ ಬೇರೆ ತೀರ್ಮಾನಕ್ಕೆ ಬಂದರು: ಪಶ್ಚಾತ್ತಾಪಕ್ಕೆ ಕಾಲ ಬೇಕು, ಪರೀಕ್ಷೆ ಬೇಕು, ಆದರೆ ಬಾಗಿಲು ತೆರೆದಿರಬೇಕು. ಈ ಸಿಪ್ರಿಯಾನನೂ ಉಪದ್ರವದ ಕಾಲದಲ್ಲಿ ಅಡಗಿಕೊಂಡಿದ್ದವನೇ. ಅದಕ್ಕಾಗಿ ಅವನನ್ನು ಹೇಡಿಯೆಂದು ಆಡಿಕೊಂಡವರೂ ಇದ್ದರು. ಎಂಟು ವರ್ಷಗಳ ಮೇಲೆ, 258ರಲ್ಲಿ, ಅವನು ಶಾಂತನಾಗಿ ಕತ್ತಿಗೆ ಕೊರಳೊಡ್ಡಿದನು. ಒಬ್ಬ ಮನುಷ್ಯನ ಬಾಳನ್ನು ಅವನ ಅತ್ಯಂತ ದುರ್ಬಲವಾದ ಒಂದು ದಿನದಿಂದ ಅಳೆಯಬಾರದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕುವುದು ಕಷ್ಟ.

ಇನ್ನು ನಮ್ಮ ನಾಡಿಗೆ ಬರೋಣ. ಕನ್ನಡ ಕರಾವಳಿಯ ಕೊಂಕಣಿ ಕ್ರೈಸ್ತರಲ್ಲಿ ಬಹುಮಂದಿಯ ಪೂರ್ವಿಕರು ಗೋವೆಯಿಂದ ಬಂದವರು. ಅವರು ಬಂದುದಕ್ಕೆ ಕಾರಣಗಳು ಹಲವು: ಕ್ಷಾಮ, ತೆರಿಗೆಯ ಭಾರ, ಮರಾಠರ ದಾಳಿ. ಇವುಗಳ ಜತೆಗೆ ಇನ್ನೊಂದು ಕಾರಣವೂ ಇತ್ತು. ಪೋರ್ಚುಗೀಸರು 1560ರಲ್ಲಿ ಗೋವೆಯಲ್ಲಿ ಮತವಿಚಾರಣೆಯ ನ್ಯಾಯಸ್ಥಾನವನ್ನು ಸ್ಥಾಪಿಸಿದರು. ಅದು ನಡುವೆ ಸ್ವಲ್ಪ ಕಾಲ ನಿಂತು, ಕಡೆಗೆ 1812ರಲ್ಲಿ ಪೂರ್ತಿಯಾಗಿ ರದ್ದಾಯಿತು. ಹಳೆಯ ಆಚಾರಗಳನ್ನು ಬಿಡದ ಹೊಸ ಕ್ರೈಸ್ತರು ಅದರ ಕೈಗೆ ಸಿಕ್ಕಿ ನರಳಿದರು. ಹಿಂದೂಗಳು ತಮ್ಮ ದೇವರುಗಳನ್ನು ಹೊತ್ತುಕೊಂಡು ಗಡಿ ದಾಟಿದರು. ಕ್ರೈಸ್ತರ ಮೇಲಿನ ಉಪದ್ರವವನ್ನು ಕುರಿತು ಮಾತನಾಡುವಾಗ ಕ್ರೈಸ್ತ ಅಧಿಕಾರವು ನಡೆಸಿದ ಈ ಉಪದ್ರವವನ್ನು ಮರೆಮಾಚುವುದು ನ್ಯಾಯವಾಗದು. ಹಿಂಸೆಗೆ ಒಂದೇ ಮತದ ಗುರುತಿಲ್ಲ. ಕೈಯಲ್ಲಿ ಕೋಲು ಬಂದಾಗ ಅದನ್ನು ಬೀಸುವವರು ಎಲ್ಲ ಮತಗಳಲ್ಲಿಯೂ ಹುಟ್ಟುತ್ತಾರೆ.

ಹೀಗೆ ಬಂದವರಿಗೆ ನೆಲೆ ಕೊಟ್ಟವರು ಕೆಳದಿಯ ಅರಸರು. ಬೀಳು ಬಿದ್ದ ನೆಲಕ್ಕೆ ಒಳ್ಳೆಯ ಬೇಸಾಯಗಾರರು ಅವರಿಗೆ ಬೇಕಾಗಿದ್ದರು. ಬಂದವರು ಬೇಸಾಯದಲ್ಲಿ ನುರಿತವರಾಗಿದ್ದರು. ಮಂಗಳೂರಿನ ಮಿಲಾಗ್ರಿಸ್ ಇಗರ್ಜಿ 1680ರಲ್ಲಿ ಕಟ್ಟಲ್ಪಟ್ಟದ್ದು ರಾಣಿ ಚೆನ್ನಮ್ಮಾಜಿಯು ಬಿಷಪ್ ತೋಮಸ್ ದೆ ಕಾಸ್ತ್ರೊ ಅವರಿಗೆ ಕೊಟ್ಟ ಭೂಮಿಯ ಮೇಲೆ. ವೀರಶೈವಳಾದ ರಾಣಿ ಕೊಟ್ಟ ನೆಲದಲ್ಲಿ ಮೇರಿಮಾತೆಯ ಆಲಯವೆದ್ದಿತು. ಮುಂದೆ ನೂರು ವರ್ಷಗಳ ಕಾಲ ಈ ಜನ ಉತ್ತು, ಬಿತ್ತು, ಭತ್ತದ ಗದ್ದೆಗಳನ್ನೂ ತೆಂಗಿನ ತೋಟಗಳನ್ನೂ ಬೆಳೆಸಿ, ಊರಿನವರಾಗಿಹೋದರು.

ಅನಂತರ 1784 ಬಂದಿತು. ಎರಡನೆಯ ಮೈಸೂರು ಯುದ್ಧದಲ್ಲಿ ಮಂಗಳೂರು ಇಂಗ್ಲಿಷರ ಕೈಗೆ ಬಿದ್ದು, ದೀರ್ಘವಾದ ಮುತ್ತಿಗೆಯ ಮೇಲೆ ಟಿಪ್ಪು ಸುಲ್ತಾನನ ವಶಕ್ಕೆ ಮರಳಿ ಬಂದಿತ್ತು. ಕರಾವಳಿಯ ಕ್ರೈಸ್ತರು ಶತ್ರುಗಳಿಗೆ ಸಹಾಯಮಾಡಿದರೆಂಬ ಆಪಾದನೆ ಅವರ ಮೇಲೆ ಬಂದಿತು. ಆ ವರ್ಷದ ಫೆಬ್ರವರಿ 24, ಬೂದಿ ಬುಧವಾರ. ಕ್ರೈಸ್ತರು ಹಣೆಗೆ ಬೂದಿಯಿಟ್ಟುಕೊಂಡು ಉಪವಾಸಕಾಲವನ್ನು ಆರಂಭಿಸುವ ದಿನ. ಸುಲ್ತಾನನ ಆಜ್ಞೆಯಂತೆ ಅವರ ಸೆರೆ ಆರಂಭವಾದದ್ದು ಅಂದೇ ಎಂದು ಹೇಳುವರು. ಆಸ್ತಿಗಳು ಮುಟ್ಟುಗೋಲಾದವು, ಮಿಲಾಗ್ರಿಸ್ ಇಗರ್ಜಿಯೂ ಸೇರಿದಂತೆ ಆರಾಧನಾಸ್ಥಾನಗಳು ನೆಲಸಮವಾದವು. ಗಂಡಸರು, ಹೆಂಗಸರು, ಮಕ್ಕಳು, ಮುದುಕರು ಘಟ್ಟವನ್ನು ಹತ್ತಿ ಶ್ರೀರಂಗಪಟ್ಟಣಕ್ಕೆ ನಡೆದರು. ಅವರ ಸಂಖ್ಯೆಯನ್ನು ಬೇರೆಬೇರೆಯವರು ಮೂವತ್ತು ಸಾವಿರದಿಂದ ಎಂಬತ್ತು ಸಾವಿರದವರೆಗೆ ಹೇಳುತ್ತಾರೆ. ಅರುವತ್ತು ಸಾವಿರವೆಂಬುದು ಹೆಚ್ಚು ಬಳಕೆಯಲ್ಲಿರುವ ಲೆಕ್ಕ. ಹಸಿವಿನಿಂದಲೂ ರೋಗದಿಂದಲೂ ದಾರಿಯಲ್ಲಿಯೇ ಬಿದ್ದವರು ಬಹಳ. ತಲಪಿದವರಲ್ಲಿ ಬಹುಮಂದಿ ಬಲಾತ್ಕಾರದಿಂದ ಮತಾಂತರ ಹೊಂದಿದರು. ಪ್ರಾಯದವರನ್ನು ಸೈನ್ಯಕ್ಕೆ ಸೇರಿಸಿದರು.

ಇದನ್ನು ಹೇಳುವಾಗ ಎರಡು ವಿಷಯಗಳನ್ನು ಮರೆಯಬಾರದು. ಇದೇ ಸುಲ್ತಾನನು, 1791ರಲ್ಲಿ ಮರಾಠರ ದಂಡಿನವರು ಶೃಂಗೇರಿಯನ್ನು ಸೂರೆಮಾಡಿದಾಗ, ಶಾರದಾಂಬೆಯ ಪುನಃಪ್ರತಿಷ್ಠೆಗೆ ಸಹಾಯಮಾಡಿ ಗುರುಗಳಿಗೆ ವಿನಯದಿಂದ ಪತ್ರ ಬರೆದನು. ಆ ಪತ್ರಗಳು 1916ರಲ್ಲಿ ಬೆಳಕಿಗೆ ಬಂದವು. ರಾಜ್ಯದ ಹಿತಕ್ಕೆ ಅಡ್ಡಬಂದರೆಂದು ತೋರಿದವರ ವಿಷಯದಲ್ಲಿ ಕಠೋರನಾಗಿಯೂ ಇತರರ ವಿಷಯದಲ್ಲಿ ಉದಾರನಾಗಿಯೂ ನಡೆದ ದೊರೆಯ ನಡತೆಯನ್ನು ಒಂದೇ ಮಾತಿನಲ್ಲಿ ತೀರ್ಮಾನಿಸಲು ಚರಿತ್ರಕಾರರು ಇನ್ನೂ ಒಪ್ಪಿಲ್ಲ. ಆದರೆ ಕಾರಣ ರಾಜಕೀಯವೆಂದಮಾತ್ರಕ್ಕೆ ನಡೆದುಹೋದವರ ಕಾಲಿನ ಬೊಬ್ಬೆ ಕಡಮೆಯಾಗುವುದಿಲ್ಲ. ಎರಡನೆಯದು, ಆ ದುರ್ದಿನಗಳಲ್ಲಿಯೂ ನೆರೆಹೊರೆಯವರ ಮನಸ್ಸು ಪೂರ್ತಿ ಬತ್ತಿಹೋಗಿರಲಿಲ್ಲ. ಮೂಡುಬಿದಿರೆಯ ಹತ್ತಿರ ಹೊಸಬೆಟ್ಟಿನ ಇಗರ್ಜಿಯನ್ನು ಅಲ್ಲಿಯ ಚೌಟ ಅರಸನು ಕಾಪಾಡಿದನು. ಸೆರೆಯಿಂದ ತಪ್ಪಿಸಿಕೊಂಡು ಕೊಡಗಿಗೆ ಬಂದವರಿಗೆ ದೊಡ್ಡವೀರರಾಜೇಂದ್ರನು ಆಶ್ರಯವನ್ನೂ ಭೂಮಿಯನ್ನೂ ಕೊಟ್ಟನು. ವಿರಾಜಪೇಟೆಯ ಸಂತ ಅನ್ನಮ್ಮನ ದೇವಾಲಯದ ಮೂಲ 1792ರ ಆ ಆಶ್ರಯದಲ್ಲಿದೆ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು, ಸೆರೆಯೂ ಮುಗಿಯಿತು. ಹದಿನೈದು ವರ್ಷಗಳೆಂದರೆ ಸಣ್ಣ ಕಾಲವಲ್ಲ. ಮಗುವಾಗಿ ಬಂದವನು ಪ್ರಾಯಕ್ಕೆ ಬಂದಿದ್ದನು. ಅವನಿಗೆ ಹೊಸ ಹೆಸರು, ಹೊಸ ಮತ, ಹೊಸ ವೇಷ. ತಂದೆ ತಾಯಿಗಳು ಬದುಕಿದ್ದರೆ ಹಳೆಯ ಪ್ರಾರ್ಥನೆಯನ್ನು ಗುಟ್ಟಾಗಿ ಹೇಳಿಕೊಟ್ಟಿರಬಹುದು. ಇಂಥ ಜನರ ನಡುವೆ ಕೆಲಸ ಮಾಡಲು ಬಂದವರು ಪ್ಯಾರಿಸಿನ ವಿದೇಶೀ ಮಿಶನ್ ಸಂಘದ ಪಾದ್ರಿ ಆಬೆ ದುಬಾಯ್. ಅವರನ್ನು ಕರೆಸಿದ್ದು ಆಗ ಶ್ರೀರಂಗಪಟ್ಟಣದ ಅಧಿಕಾರಿಯಾಗಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ಸೂಚನೆಯ ಮೇಲೆಂದು ಹೇಳುತ್ತಾರೆ.

ದುಬಾಯ್ ಅವರ ಹೆಸರನ್ನು ಓದುಗರಲ್ಲಿ ಅನೇಕರು ಹಿಂದೂಗಳ ಆಚಾರವ್ಯವಹಾರಗಳನ್ನು ಕುರಿತ ಅವರ ದೊಡ್ಡ ಗ್ರಂಥದಿಂದ ಬಲ್ಲರು. ಅದು 1816ರಲ್ಲಿ ಲಂಡನಿನಲ್ಲಿ ಅಚ್ಚಾಯಿತು. ಅದರ ಗುಣದೋಷಗಳ ವಿಮರ್ಶೆ ಇಲ್ಲಿ ಪ್ರಕೃತವಲ್ಲ. ನಮಗೆ ಮುಖ್ಯವಾದದ್ದು ಅವರು ಬಂದ ದಾರಿ. ಅವರು ಗುರುದೀಕ್ಷೆ ಪಡೆದದ್ದೂ ಫ್ರಾನ್ಸನ್ನು ಬಿಟ್ಟು ಹೊರಟದ್ದೂ 1792ರಲ್ಲಿ. ಅದು ಫ್ರೆಂಚ್ ಕ್ರಾಂತಿಯ ಕಾಲ. ಹೊಸ ರಾಜ್ಯಾಂಗಕ್ಕೆ ಪ್ರಮಾಣಮಾಡದ ಪಾದ್ರಿಗಳು ದೇಶಭ್ರಷ್ಟರಾಗುತ್ತಿದ್ದ, ಪ್ಯಾರಿಸಿನ ಸೆರೆಮನೆಗಳಲ್ಲಿ ಕೊಲೆಯಾಗುತ್ತಿದ್ದ ವರ್ಷ. ಹೀಗೆ ಒಂದು ಉಪದ್ರವದಿಂದ ಹೊರಬಿದ್ದ ಗುರು ಇನ್ನೊಂದು ಉಪದ್ರವದಿಂದ ಹೊರಬಿದ್ದ ಜನರ ನಡುವೆ ಬಂದು ನಿಂತನು. ಮೊದಲ ವರ್ಷಗಳನ್ನು ತಮಿಳು ಸೀಮೆಯಲ್ಲಿ ಕಳೆದಿದ್ದ ಅವರು ಈ ದೇಶದ ಉಡುಪನ್ನು ತೊಟ್ಟು, ಈ ದೇಶದ ಊಟಕ್ಕೆ ಹೊಂದಿಕೊಂಡಿದ್ದರು. ಶ್ರೀರಂಗಪಟ್ಟಣದ ಗಂಜಾಮಿನಲ್ಲಿ 1800ರಲ್ಲಿ ಎದ್ದ ದೇವಾಲಯವು ಇಂದಿಗೂ ಅವರ ಹೆಸರಿನಿಂದಲೇ ಕರೆಯಲ್ಪಡುತ್ತದೆ.

ಇಲ್ಲಿ ನಮ್ಮ ಕಥೆಯ ಗಂಟು ಇದೆ. ಹಿಂದಿರುಗಿದವರನ್ನು ಬಾಗಿಲಲ್ಲಿ ನಿಂತು ಸ್ವಾಗತಿಸಿದ ಈ ಗುರುಗಳೇ, ಮುಂದೆ 1823ರಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ, ಇವರ ಮೇಲೆ ಅತ್ಯಂತ ಕಠಿನವಾದ ತೀರ್ಪನ್ನು ಬರೆದಿಟ್ಟರು. ಅಷ್ಟು ಸಾವಿರ ಜನರಲ್ಲಿ ತನ್ನ ಮತಕ್ಕಾಗಿ ಪ್ರಾಣ ಕೊಡುವ ಧೈರ್ಯ ಒಬ್ಬನಿಗಾದರೂ ಬರಲಿಲ್ಲ, ಇದು ನಾಚಿಕೆಗೇಡು ಎಂಬುದು ಅವರ ಮಾತಿನ ಸಾರಾಂಶ. ಅವರ ನಿರಾಶೆಗೆ ಕಾರಣವನ್ನು ನಾವು ಊಹಿಸಬಹುದು. ತಾಯ್ನಾಡಿನಲ್ಲಿ ಜತೆಯವರು ಸತ್ತಿದ್ದರು. ಆ ಸಾವಿನ ಅಳತೆಗೋಲು ಅವರ ಕೈಯಲ್ಲಿತ್ತು. ಆದರೆ ಆ ಕೋಲಿನಿಂದ ಅಳೆಯಬೇಕಾದದ್ದೆಲ್ಲವನ್ನೂ ಅಳೆಯಲಾಗುತ್ತದೆಯೆ?

ಕೆಲವು ಸಂಗತಿಗಳನ್ನು ತೂಗಿ ನೋಡೋಣ. ರಕ್ತಸಾಕ್ಷಿಯಾಗುವವನಿಗೆ ಸಾಮಾನ್ಯವಾಗಿ ಒಂದು ಆಯ್ಕೆಯಿರುತ್ತದೆ. ಒಬ್ಬನೇ ನಿಂತು ಹೌದು ಅಥವಾ ಇಲ್ಲ ಎನ್ನಬಹುದು. ಮಕ್ಕಳನ್ನು ಕಂಕುಳಲ್ಲಿ ಕಟ್ಟಿಕೊಂಡು, ಗುರುಗಳಿಲ್ಲದೆ, ಊರುಕೇರಿಯಿಲ್ಲದೆ, ಸೆರೆಯಲ್ಲಿ ದಿನಗಳನ್ನು ನೂಕುವ ತಾಯಿಯ ಮುಂದಿರುವ ಆಯ್ಕೆ ಎಂಥದು? ಅವಳ ಮೌನವನ್ನು ನಿರಾಕರಣೆಯೆಂದು ಓದಬಹುದು, ಕಾಯುವಿಕೆಯೆಂದೂ ಓದಬಹುದು. ಇವೆರಡರಲ್ಲಿ ಯಾವುದು ಸರಿಯೆಂಬುದು ಆ ದಿನ ಗೊತ್ತಾಗುವುದಿಲ್ಲ. ಬಾಗಿಲು ತೆರೆದ ದಿನ ಗೊತ್ತಾಗುತ್ತದೆ. 1799ರಲ್ಲಿ ಬಾಗಿಲು ತೆರೆಯಿತು. ಸಾವಿರಾರು ಜನ ಘಟ್ಟವನ್ನಿಳಿದು ಕನ್ನಡ ಜಿಲ್ಲೆಗೆ ಹಿಂದಿರುಗಿದರು. ಕೆಡವಿದ್ದ ಇಗರ್ಜಿಗಳನ್ನು ಮತ್ತೆ ಕಟ್ಟಿದರು. ಮೈಸೂರು ಸೀಮೆಯಲ್ಲಿ ಉಳಿದವರು ದುಬಾಯ್ ಅವರ ಬಳಿಗೆ ಬಂದರು. ಯಾರೂ ಅವರನ್ನು ಕತ್ತಿ ತೋರಿಸಿ ಕರೆಯಲಿಲ್ಲ. ಹೊಸ ಮತದಲ್ಲಿಯೇ ನೆಲೆನಿಂತವರೂ ಇದ್ದರು. ಅವರ ಮನಸ್ಸನ್ನು ತೂಗುವ ತಕ್ಕಡಿ ನಮ್ಮಲ್ಲಿಲ್ಲ. ಆದರೆ ಬಂದವರು ಬಂದದ್ದು, ಅಷ್ಟು ವರ್ಷ ದಾರಿ ನೋಡಿದವರೆಂಬುದಕ್ಕೆ ಸಾಕ್ಷಿ. ದುಬಾಯ್ ಅವರು ಹುಡುಕಿದ ಸಾಕ್ಷಿ ಅವರ ಬಾಗಿಲಿಗೇ ಬಂದಿತ್ತು.

ಈ ಮಾತಿಗೆ ಬಲ ಕೊಡುವ ಇನ್ನೊಂದು ನಿದರ್ಶನ ಜಪಾನಿನದು. ಅಲ್ಲಿ 1614ರಲ್ಲಿ ಕ್ರೈಸ್ತಮತಕ್ಕೆ ಸಂಪೂರ್ಣ ನಿಷೇಧವಾಯಿತು. ನೂರಾರು ಜನ ಪ್ರಾಣ ಕೊಟ್ಟರು. ಉಳಿದವರನ್ನು ಕಂಡುಹಿಡಿಯಲು ಅಧಿಕಾರಿಗಳು ಒಂದು ಉಪಾಯ ಮಾಡಿದರು: ಯೇಸುವಿನ ಅಥವಾ ಮೇರಿಯ ಚಿತ್ರವಿರುವ ಫಲಕವನ್ನು ನೆಲದಲ್ಲಿಟ್ಟು ಪ್ರತಿಯೊಬ್ಬನೂ ತುಳಿಯಬೇಕು. ನಾಗಸಾಕಿಯ ಸುತ್ತಲಿನ ರೈತರೂ ಬೆಸ್ತರೂ ತುಳಿದರು. ಮನೆಗೆ ಹೋಗಿ ಕ್ಷಮೆ ಬೇಡಿದರು. ಗುರುಗಳಿಲ್ಲ, ಆಲಯವಿಲ್ಲ, ಗ್ರಂಥವಿಲ್ಲ. ಮಗು ಹುಟ್ಟಿದಾಗ ಊರಿನ ಹಿರಿಯನೊಬ್ಬನು ಗುಟ್ಟಾಗಿ ಜ್ಞಾನಸ್ನಾನ ಮಾಡಿಸುತ್ತಿದ್ದನು. ಹೀಗೆ ಏಳು ತಲೆಮಾರುಗಳು ಕಳೆದವು. 1865ರ ಮಾರ್ಚ್ 17ರಂದು ನಾಗಸಾಕಿಯಲ್ಲಿ ವಿದೇಶೀಯರಿಗಾಗಿ ಹೊಸದಾಗಿ ಕಟ್ಟಿದ್ದ ದೇವಾಲಯಕ್ಕೆ ಉರಕಾಮಿಯ ಕೆಲವು ಹಳ್ಳಿಗರು ಬಂದು, ತಮ್ಮ ಮನಸ್ಸೂ ಗುರುಗಳ ಮನಸ್ಸೂ ಒಂದೇ ಎಂದು ಮೆಲ್ಲಗೆ ತಿಳಿಸಿ, ಮೇರಿಯಮ್ಮನ ವಿಗ್ರಹವೆಲ್ಲಿದೆಯೆಂದು ಕೇಳಿದರು. ಅವರ ಮಾತನ್ನು ಕೇಳಿ ಬೆರಗಾದ ಪಾದ್ರಿ ಪೆತಿಜಾನ್ ಎಂಬಾತನು ದುಬಾಯ್ ಅವರ ಪ್ಯಾರಿಸ್ ಸಂಘಕ್ಕೇ ಸೇರಿದವನು. ನಿಷೇಧ ತೆಗೆದದ್ದು 1873ರಲ್ಲಿ. ಅಷ್ಟರೊಳಗೆ ಆ ಹಳ್ಳಿಗರು ಮತ್ತೊಮ್ಮೆ ಗಡಿಪಾರನ್ನೂ ಅನುಭವಿಸಿದ್ದರು. ಪ್ರಾಣ ಕೊಟ್ಟವರನ್ನು ನಾವು ಪೂಜ್ಯಭಾವದಿಂದ ನೆನೆಯತಕ್ಕದ್ದೇ. ಆದರೆ ದೀಪವನ್ನು ಎರಡೂವರೆ ಶತಮಾನ ಆರದಂತೆ ಕೈಮರೆಮಾಡಿಕೊಂಡು ಬಂದವರು ತುಳಿದು ಅತ್ತವರೇ.

ಈಗ ಸಾತಹಳ್ಳಿಗೆ ಬರೋಣ. ಚದುರಿದ ಜನರನ್ನು ಕೂಡಿಸಿದಮೇಲೆ ಅವರಿಗೆ ಮಾಡಬೇಕಾದ ಉಪದೇಶವೇನು? ದುಬಾಯ್ ಅವರು ಕೊಟ್ಟ ಉತ್ತರ ನೇಗಿಲು. ಮೈಸೂರು ಸೀಮೆಯಲ್ಲಿ ಅವರು ಬೇಸಾಯದ ನೆಲೆಗಳನ್ನು ಏರ್ಪಡಿಸಿದರು. ಅವುಗಳಲ್ಲಿ ಮುಖ್ಯವಾದದ್ದು ಸಾತಹಳ್ಳಿ. ಇದು ಕೇವಲ ಹೊಟ್ಟೆಪಾಡಿನ ಏರ್ಪಾಡೆಂದು ನಾವು ಭಾವಿಸಬಾರದು. ಸೆರೆಯಲ್ಲಿದ್ದವನಿಗೆ ನಾಳೆಯೆಂಬುದಿಲ್ಲ, ಇಂದಿನ ಹಿಟ್ಟು, ಇಂದಿನ ಏಟು, ಇಷ್ಟೇ. ಬೇಸಾಯಗಾರನದು ನಾಳೆಯ ಬಾಳು. ಮುಂಗಾರು ಬರುವುದೆಂದು ಉಳುತ್ತಾನೆ. ಮೊಳೆಯುವುದೆಂದು ಮನೆಯ ರಾಗಿಯನ್ನು ಮಣ್ಣಿಗೆ ಚೆಲ್ಲುತ್ತಾನೆ. ಒಂದು ವರ್ಷ ಮಳೆ ಕೈಕೊಟ್ಟರೂ ಮರುವರ್ಷದ ಬೀಜವನ್ನು ಎತ್ತಿಡುತ್ತಾನೆ. ತನ್ನ ಕಾಲದಲ್ಲಿ ಫಲ ಬಿಡದ ಮರವನ್ನೂ ನೆಡುತ್ತಾನೆ. ನಿರೀಕ್ಷೆಯ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಪಾಠಶಾಲೆಯಿಲ್ಲ. ನಾಳೆಯನ್ನು ಕಳೆದುಕೊಂಡಿದ್ದ ಜನರಿಗೆ ಹೊಲವು ನಾಳೆಯನ್ನು ಮರಳಿ ಕೊಟ್ಟಿತು.

ಅವರ ಕೆಲಸ ತಮ್ಮ ಮತದವರಿಗಷ್ಟೇ ನಿಲ್ಲಲಿಲ್ಲ. ಸಿಡುಬಿಗೆ ಗೋವಿನ ಸಿಡುಬಿನ ರಸವನ್ನು ಹಾಕುವ ಜೆನ್ನರನ ವಿಧಾನ ಆಗ ತಾನೇ ಹಿಂದೂಸ್ಥಾನಕ್ಕೆ ಬಂದಿತ್ತು. ಜನ ಅದಕ್ಕೆ ಹೆದರುತ್ತಿದ್ದರು. ದುಬಾಯ್ ಅವರು ಹಳ್ಳಿಹಳ್ಳಿಗೂ ಹೋಗಿ ಒಪ್ಪಿಸಿದರು. 1803–04ರಲ್ಲಿ ಅವರ ಪ್ರಯತ್ನದಿಂದ ದೇವಿ ಹಾಕಿಸಿಕೊಂಡವರ ಸಂಖ್ಯೆ 25,432 ಎಂದು ಲೆಕ್ಕವಿದೆ. ಉಪದ್ರವಪಟ್ಟವನಿಗೆ ಎರಡು ದಾರಿಗಳಿರುತ್ತವೆ: ಗಾಯವನ್ನು ನೆಕ್ಕುತ್ತ ಮೂಲೆಯಲ್ಲಿ ಕುಳಿತು ಲೋಕವನ್ನು ಶಪಿಸುವುದು ಒಂದು, ನೆರೆಯವನ ಗಾಯಕ್ಕೆ ಮದ್ದು ಹಚ್ಚಲು ಹೊರಡುವುದು ಇನ್ನೊಂದು. ಪೌಲನು ನಂಬಿಕೆ, ನಿರೀಕ್ಷೆಗಳ ಪಕ್ಕದಲ್ಲಿ ಪ್ರೀತಿಯನ್ನು ಏಕೆ ಇಟ್ಟನೆಂಬುದು ಇಂಥ ಕಡೆ ಅರ್ಥವಾಗುತ್ತದೆ.

ಪೆಟ್ಟು ತಿಂದ ಸಮಾಜಕ್ಕೆ ತನ್ನ ಬಲವೊಂದೇ ಸಾಲದು. ನೆರೆಯವರ ಒಪ್ಪಿಗೆಯೂ ಬೇಕು. ಈ ವಿಷಯದಲ್ಲಿ ಸಾತಹಳ್ಳಿಯಿರುವ ಸೀಮೆಗೆ ಹಳೆಯ ಸಂಸ್ಕಾರವೊಂದುಂಟು. ಚೋಳದೇಶದಲ್ಲಿ ತೊಂದರೆಗೊಳಗಾದ ರಾಮಾನುಜಾಚಾರ್ಯರು ಹೊಯ್ಸಳರ ನಾಡಿಗೆ ಬಂದು ಆಶ್ರಯ ಪಡೆದರೆಂದು ಸಂಪ್ರದಾಯ ಹೇಳುತ್ತದೆ. ಅರಸೀಕೆರೆಯಲ್ಲಿ ವೀರಬಲ್ಲಾಳನ ಕಾಲದಲ್ಲಿ ಶಿವಾಲಯಗಳಿದ್ದ ಊರಿನಲ್ಲಿಯೇ ರೇಚರಸನು ಸಹಸ್ರಕೂಟ ಜಿನಾಲಯವನ್ನು ಕಟ್ಟಿಸಿದನು. ಹಾಗೆಂದು ಎಲ್ಲವೂ ಸದಾ ಸುಗಮವಾಗಿತ್ತೆಂದು ಹೇಳಲಾಗದು. ಹಳೇಬೀಡಿನ 1638ರ ಒಂದು ಶಾಸನ ಇದಕ್ಕೆ ಸಾಕ್ಷಿ. ಅಲ್ಲಿಯ ವಿಜಯಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಹುಚ್ಚಪ್ಪದೇವನೆಂಬ ವೀರಶೈವನು ಲಿಂಗಮುದ್ರೆಯನ್ನು ಒತ್ತಿದನು; ವಿಜಯಪ್ಪನೆಂಬ ಜೈನನು ಅದನ್ನು ಅಳಿಸಿಹಾಕಿದನು. ಜಗಳ ಬೆಳೆಯಿತು. ಬೇಲೂರು ನಾಯಕರ ಆಳ್ವಿಕೆಯಲ್ಲಿದ್ದ ಆ ಕಾಲದಲ್ಲಿ ಎರಡು ಪಕ್ಷದ ಹಿರಿಯರೂ ಸಭೆ ಸೇರಿದರು. ಜೈನರು ಮೊದಲು ವಿಭೂತಿ ವೀಳ್ಯಗಳನ್ನು ಸಲ್ಲಿಸಬೇಕು. ಅನಂತರ ತಮ್ಮ ಪೂಜೆ ಪುರಸ್ಕಾರಗಳನ್ನು ಹಿಂದಿನಂತೆಯೇ ನಡೆಸಿಕೊಳ್ಳಬೇಕು ಎಂದು ತೀರ್ಮಾನವಾಯಿತು. ಈ ಜೈನಧರ್ಮಕ್ಕೆ ಅಡ್ಡಿಮಾಡಿದ ವೀರಶೈವನು ತನ್ನ ಲಿಂಗಕ್ಕೇ ದ್ರೋಹಮಾಡಿದವನೆಂದು ಆ ಶಾಸನದಲ್ಲಿ ಶಾಪವಿದೆ.

ಈ ಒಪ್ಪಂದದಲ್ಲಿ ಪೂರ್ಣ ಸಮಾನತೆಯಿಲ್ಲವೆಂದು ಇಂದಿನವರು ಹೇಳಬಹುದು, ಅದು ನಿಜವೇ. ಬಲವುಳ್ಳವರಿಗೆ ಮೊದಲ ಮರ್ಯಾದೆ ಸಂದಿತು. ಆದರೂ ಬಸದಿ ನಿಂತಿತು, ಇಂದಿಗೂ ನಿಂತಿದೆ. ಬಲವುಳ್ಳವರು ದುರ್ಬಲರ ಹಕ್ಕನ್ನು ತಮ್ಮ ದೇವರ ಆಣೆಯಿಂದಲೇ ಕಾಪಾಡಲು ಒಪ್ಪಿದ ಆ ಮಾತು ಕಲ್ಲಿನಲ್ಲಿ ಉಳಿದಿದೆ. ಆಶ್ರಯ ಕೊಡುವವರ ಮನಸ್ಸಿಗೆ ಬಿಟ್ಟ ರಕ್ಷಣೆ ಇದು. 1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನದ 25ನೆಯ ವಿಧಿಯು ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ಅಂತಃಕರಣದ ಸ್ವಾತಂತ್ರ್ಯವನ್ನು ಯಾರ ದಯೆಗೂ ಬಿಡದೆ ಹಕ್ಕೆಂದು ಸಾರಿದೆ. ಆದರೆ ಕಾಗದದ ಮೇಲಿನ ಹಕ್ಕಿಗೆ ಊರಿನ ಒಪ್ಪಿಗೆ ಕೂಡಿಬಂದಾಗಲೇ ಜೀವ ಬರುವುದು. 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನ ಸುತ್ತಮುತ್ತ ಕ್ರೈಸ್ತ ಪ್ರಾರ್ಥನಾಮಂದಿರಗಳ ಮೇಲೆ ನಡೆದ ದಾಳಿಗಳು ಇದನ್ನು ನೆನಪಿಗೆ ತರುತ್ತವೆ. ಸಂವಿಧಾನವೂ ಬೇಕು, ಚೌಟ ಅರಸನ ಮನಸ್ಸೂ ಬೇಕು.

ದುಬಾಯ್ ಅವರು 1823ರ ಜನವರಿಯಲ್ಲಿ ಹಿಂದೂಸ್ಥಾನವನ್ನು ಬಿಟ್ಟು ಹೊರಟರು, ಮರಳಿ ಬರಲಿಲ್ಲ. 1848ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡರು. ಈ ನೆಲದಲ್ಲಿ ತಮ್ಮ ಮತ ಬೆಳೆಯುವುದೆಂಬ ಆಸೆ ಅವರಿಗೆ ಉಳಿದಿರಲಿಲ್ಲ. ಅದನ್ನು ಅವರು ಮುಚ್ಚುಮರೆಯಿಲ್ಲದೆ ಬರೆದರು. ಹಾಗಿದ್ದರೂ ಉತ್ತ ಹೊಲ ಬೀಳು ಬೀಳಲಿಲ್ಲ. ಅವರ ತರುವಾಯ ಅದೇ ಹಾಸನದ ಸೀಮೆಯಲ್ಲಿ, ಹೇಮಾವತಿಯ ದಡದ ಶೆಟ್ಟಿಹಳ್ಳಿಯಲ್ಲಿ, 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಜಪಮಾಲೆ ಮಾತೆಯ ಹೆಸರಿನಲ್ಲಿ ಎತ್ತರವಾದ ದೇವಾಲಯವೊಂದನ್ನು ಕಟ್ಟಿಸಿದರು. ಬಿತ್ತಿದವನು ನಿರಾಶನಾಗಿ ಹೋದರೂ ಬೀಜ ತನ್ನ ಕೆಲಸವನ್ನು ಬಿಡುವುದಿಲ್ಲ. ಗೊರೂರಿನಲ್ಲಿ 1979ರಲ್ಲಿ ಹೇಮಾವತಿಯ ಅಣೆಕಟ್ಟು ಮುಗಿದಾಗ ಶೆಟ್ಟಿಹಳ್ಳಿಯ ನೆಲವು ಜಲಾಶಯಕ್ಕೆ ಸೇರಿತು. ಜನ ಬೇರೆ ಕಡೆ ಮನೆ ಕಟ್ಟಿಕೊಂಡರು. ಇದು ಮತದ್ವೇಷದ ಫಲವಲ್ಲ. ಎಲ್ಲ ಮತದವರ ಹೊಲಮನೆಗಳೂ ಮುಳುಗಿದವು. ಮಳೆಗಾಲದಲ್ಲಿ ನೀರು ಏರಿದಾಗ ಛಾವಣಿಯಿಲ್ಲದ ಆ ಆಲಯದ ಗೋಡೆಗಳು ಅರ್ಧಕ್ಕೆ ಮುಳುಗುತ್ತವೆ; ಬೇಸಗೆಯಲ್ಲಿ ಮತ್ತೆ ಮೈದೋರುತ್ತವೆ. ಪ್ರವಾಸಿಗಳು ಅದರ ಚಿತ್ರ ತೆಗೆದುಕೊಂಡು ಹೋಗುತ್ತಾರೆ. ಪಾಳುಬಿದ್ದ ಕಟ್ಟಡ ಸುಂದರವಾಗಿರುವುದೇನೋ ನಿಜ. ಆದರೆ ಸಭೆಯೆಂಬುದು ಗೋಡೆಯಲ್ಲಿಲ್ಲ. ಗೋಡೆ ಮುಳುಗಿದಮೇಲೆ ಬೇರೆ ಊರಿನಲ್ಲಿ ಒಲೆ ಹೂಡಿ, ಭಾನುವಾರ ಮತ್ತೆ ಒಂದುಗೂಡುವ ಮನೆಮಂದಿಯಲ್ಲಿದೆ.

ಇಷ್ಟು ಹೇಳಿದ್ದರ ತಾತ್ಪರ್ಯವಿಷ್ಟೆ. ಉಪದ್ರವವನ್ನು ಎದುರಿಸುವ ನಂಬಿಕೆಗೆ ಒಂದೇ ರೂಪವಿಲ್ಲ. ನಿಂತು ಸಾಯುವುದು ಅದರ ಒಂದು ರೂಪ. ಅದಕ್ಕೆ ನಾವೆಲ್ಲರೂ ತಲೆಬಾಗುತ್ತೇವೆ. ಬಾಗಿ ಉಳಿದು, ಉಳಿದದ್ದನ್ನು ಮಕ್ಕಳಿಗೆ ಕೊಟ್ಟು, ಬಾಗಿಲು ತೆರೆದ ದಿನ ಎದ್ದು ಬರುವುದು ಇನ್ನೊಂದು ರೂಪ. ಅದಕ್ಕೆ ಸ್ಮಾರಕಗಳು ಕಡಮೆ. ಅಂಥವರ ಮೇಲೆ ತೀರ್ಪು ಕೊಡುವ ಅಧಿಕಾರ, ಆ ದಾರಿಯಲ್ಲಿ ನಡೆಯದ ನಮಗಿಲ್ಲ. ನಮಗಿರುವ ಕೆಲಸ ಬೇರೆ: ಹಿಂದಿರುಗಿದವನಿಗೆ ಬಾಗಿಲು ತೆರೆಯುವುದು, ಓಡಿಬಂದವನಿಗೆ ಒಂದು ತುಂಡು ನೆಲ ಕೊಡುವುದು, ಯಾವ ಮತದವನೇ ಆಗಲಿ ನೆರೆಯವನು ಮತ್ತೊಮ್ಮೆ ಹಾಗೆ ಓಡಬೇಕಾಗದಂತೆ ನೋಡಿಕೊಳ್ಳುವುದು. ಮುಂದೆ ಬೇಲೂರು ಹಳೇಬೀಡುಗಳಿಗೆ ಹೋಗುವ ಮಹನೀಯರು ಬಸದಿಯ ಆ ಶಾಸನವನ್ನು ಒಂದು ಗಳಿಗೆ ನಿಂತು ನೋಡಬೇಕೆಂದೂ, ವ್ಯವಧಾನವಿದ್ದರೆ ಸಾತಹಳ್ಳಿಯ ಹೊಲಗಳ ಕಡೆಗೂ ಒಂದು ಸಲ ಹೋಗಿಬರಬೇಕೆಂದೂ ನಮ್ಮ ಪ್ರಾರ್ಥನೆ.